ಎಣ್ಣೆ ಡಬ್ಬಿ ಪಕ್ಕಕ್ಕಿಡಿ

ಹಿತ್ತಾಳೆ ಪಿಸ್ಟನ್ನಿಗೆ ಹೊಳಪು ಕೊಡುವುದು ಹೇಗೆಂದು ಈ ವಾರ ಬರೆಯುತ್ತೇನೆ ಎಂದಿದ್ದೆ. ಬರೆಯಲು ಕೂತೂ ಇದ್ದೆ. ಅಷ್ಟರಲ್ಲಿ ಓದುಗರೊಬ್ಬರು ತಾವೇ ಕಟ್ಟಿದ ಸ್ಟರ್ಲಿಂಗ್ ಎಂಜಿನ್ನನ್ನು ಕೈಚೀಲದಲ್ಲಿಟ್ಟುಕೊಂಡು ಮನೆಗೆ ಬಂದರು. ತಳ ಬಿಸಿ, ಮೇಲ್ಭಾಗ ತಣ್ಣಗಿದ್ದರೆ ಆ ಅಂತರದಿಂದಲೇ ಒಳಗಿನ ಗಾಳಿ ಹಿಗ್ಗಿ ಕುಗ್ಗಿ ತಿರುಗುವ ಯಂತ್ರ ಅದು. ಬಿಸಿನೀರಿನ ಲೋಟದ ಮೇಲಿಟ್ಟರೆ ನಾಲ್ಕು ಸುತ್ತು ತಿರುಗಿ ನಿಂತುಬಿಡುತ್ತದೆ. "ಎಷ್ಟು ಎಣ್ಣೆ ಬಿಟ್ಟರೂ ಹೀಗೇ ಸಾರ್" ಎಂದರು. ಪಿಸ್ಟನ್ ಹೊರತೆಗೆದೆ. ಹೊಲಿಗೆ ಯಂತ್ರದ ಎಣ್ಣೆ ಬೆರಳಿಗೆಲ್ಲ ಮೆತ್ತಿಕೊಂಡಿತು.

ಎಣ್ಣೆಯ ಪಂಥದವರೊಂದಿಗೆ ನನ್ನ ತಕರಾರು ಹಳೆಯದು. ಬೈಕಿನ ಎಂಜಿನ್ನಿಗೆ ಎಣ್ಣೆಯೇ ಪ್ರಾಣ, ಒಪ್ಪುತ್ತೇನೆ. ಅಲ್ಲಿ ಹುಟ್ಟುವುದು ಸಾವಿರಾರು ವಾಟ್. ಎಣ್ಣೆ ತನ್ನ ಪಾಲು ತಿಂದರೂ ಬೇಕಾದಷ್ಟು ಉಳಿಯುತ್ತದೆ. ಬಿಸಿನೀರಿನ ಮೇಲೆ ತಿರುಗುವ ನಮ್ಮ ಯಂತ್ರದಲ್ಲಿ ಒಂದು ವಾಟೂ ಹುಟ್ಟುವುದಿಲ್ಲ. ಕೂದಲೆಳೆಗಿಂತ ಕಿರಿದಾದ ಸಂದಿಯಲ್ಲಿ ಎಣ್ಣೆ ಹಿಡಿದುಕೊಂಡರೆ ಅದೇ ಬ್ರೇಕು. ಸಂದಿ ಕಿರಿದಾದಷ್ಟೂ ಅದರ ಎಳೆತ ಹೆಚ್ಚು. ಹಾಗೆಂದು ಪಿಸ್ಟನ್ ಸಡಿಲ ಮಾಡಿದಿರೋ, ಕೆಟ್ಟಿರಿ: ಸಂದಿ ಎರಡು ಪಟ್ಟಾದರೆ ಸೋರುವ ಗಾಳಿ ಎಂಟು ಪಟ್ಟಾಗುತ್ತದೆ.

ಸೀಮೆಎಣ್ಣೆಯಲ್ಲಿ ಪಿಸ್ಟನ್, ಸಿಲಿಂಡರ್ ಎರಡನ್ನೂ ತೊಳೆದು, ಬಟ್ಟೆಯಲ್ಲಿ ಒರೆಸಿ ಒಣಗಿಸಿದೆವು. ಮೆತ್ತನೆಯ ಪೆನ್ಸಿಲಿನ ಸೀಸವನ್ನು ಪುಡಿಮಾಡಿ ಪಿಸ್ಟನ್ನಿಗೆ ತಿಕ್ಕಿದೆವು. ಗಾಜಿನ ಸಿಲಿಂಡರಿನೊಳಗೆ ಗ್ರಾಫೈಟ್ ಪಿಸ್ಟನ್ ಇದ್ದರೆ ಇದೂ ಬೇಡ. ಗ್ರಾಫೈಟ್ ತಾನೇ ಜಾರುವ ವಸ್ತು, ಬಿಸಿಯಾದರೆ ಹಿಗ್ಗುವುದೂ ಕಡಿಮೆ. ಆಮೇಲೆ ಸಿಲಿಂಡರನ್ನು ನೆಟ್ಟಗೆ ಹಿಡಿದು ಪಿಸ್ಟನ್ ಬಿಟ್ಟೆ. ಸರ್ರನೆ ಜಾರಿತು. ಕೆಳಬಾಯಿಗೆ ಬೆರಳೊತ್ತಿ ಮತ್ತೆ ಬಿಟ್ಟೆ. ಗಾಳಿಯ ದಿಂಬಿನ ಮೇಲೆ ಕೂತಂತೆ ನಿಂತಿತು. ಅಷ್ಟು ಸೊಗಸಾದ ಪಿಸ್ಟನ್! ಜೋಡಿಸಿ ಲೋಟದ ಮೇಲಿಟ್ಟರೆ ಹತ್ತು ಸುತ್ತು, ಮತ್ತೆ ನಿಂತಿತು.

ಹೊಳಪಿನ ಮಾತನ್ನು ನಾನು ಕೈಬಿಟ್ಟದ್ದು ಇಲ್ಲೇ. ಪಿಸ್ಟನ್ನನ್ನು ಬೆಳಕಿಗೆ ಹಿಡಿದು ನೋಡಿದರೆ ಮೇಲಂಚಿನ ಎರಡು ಎದುರುಬದುರು ಕಡೆ ಮಾತ್ರ ಸೀಸ ಸವೆದು ಹಿತ್ತಾಳೆ ಮಿನುಗುತ್ತಿತ್ತು. ಕ್ರ್ಯಾಂಕಿನ ತ್ರಿಜ್ಯ 5 ಮಿ.ಮೀ., ಕನೆಕ್ಟಿಂಗ್ ರಾಡ್ 20 ಮಿ.ಮೀ. ಈ ಅಳತೆಯಲ್ಲಿ ರಾಡ್ ಹೆಚ್ಚು ವಾಲಿದಾಗ ಪಿಸ್ಟನ್ನಿನ ಬಲದ ಕಾಲು ಪಾಲು ಗೋಡೆಯನ್ನು ಒತ್ತುತ್ತದೆ. ರಾಡ್ 50 ಆದರೆ ಅದು ಹತ್ತನೇ ಒಂದು ಪಾಲು. ಒರಗಿದ ಪಿಸ್ಟನ್ ಉಜ್ಜುವುದಷ್ಟೇ ಅಲ್ಲ, ಸೋರುತ್ತದೆ ಕೂಡ. ನಟ್ಟನಡುವೆ ಇರುವ ಪಿಸ್ಟನ್ನಿಗಿಂತ ಪೂರ್ತಿ ಬದಿಗೊತ್ತಿದ ಪಿಸ್ಟನ್ ಎರಡೂವರೆ ಪಟ್ಟು ಗಾಳಿ ಬಿಡುತ್ತದೆ.

ದೊಡ್ಡವರು ಈ ಪಕ್ಕದ ಒತ್ತಡದೊಂದಿಗೇ ಗುದ್ದಾಡಿದವರು. ಐಂಡ್‌ಹೋವನ್ನಿನ ಫಿಲಿಪ್ಸ್ ಪ್ರಯೋಗಾಲಯದ ಮೈಯರ್ 1950ರ ದಶಕದಲ್ಲಿ ಎದುರುಬದುರು ತಿರುಗುವ ಎರಡು ಕ್ರ್ಯಾಂಕುಗಳನ್ನಿಟ್ಟು ಒಂದರ ತಳ್ಳುವಿಕೆಯನ್ನು ಇನ್ನೊಂದರಿಂದ ಅಳಿಸಿದರು. 1983ರಲ್ಲಿ ಜಾಗ್ರೆಬ್‌ನ ಈವೊ ಕೋಲಿನ್ ಉಜ್ಜುವ ಪಿಸ್ಟನ್ನನ್ನೇ ತೆಗೆದು ರಬ್ಬರ್ ಪೊರೆ ಹಾಕಿ, ಬಿಸಿನೀರಿನ ಮೇಲೆ ಎಂಜಿನ್ ಓಡಿಸಿದರು. ಅವರ ಹಾದಿಯಲ್ಲಿ ಮುಂದೆ ಹೋದ ಅಮೆರಿಕದ ಜೇಮ್ಸ್ ಸೆನ್ಫ್ಟ್ ಅರ್ಧ ಡಿಗ್ರಿ ಸೆಲ್ಸಿಯಸ್ ಅಂತರದಲ್ಲೂ ತಿರುಗುವ ಎಂಜಿನ್ ಕಟ್ಟಿದರು. ಅರ್ಧ ಡಿಗ್ರಿ! ಅದನ್ನು ನೆನೆದಾಗಲೆಲ್ಲ ನನಗೆ ಮೈ ಝುಂ ಎನ್ನುತ್ತದೆ.

ನಾವು ಮಾಡಿದ್ದು ಇಷ್ಟೇ. ಸೈಕಲ್ ಕಡ್ಡಿ ಕತ್ತರಿಸಿ 50 ಮಿ.ಮೀ. ರಾಡ್ ಮಾಡಿದೆವು, ಕ್ರ್ಯಾಂಕಿನ ಕಂಬಗಳನ್ನು ರಾಡ್ ಉದ್ದವಾದಷ್ಟೇ ಎತ್ತರಿಸಿದೆವು, ಒಳಗಿನ ಗಾಳಿಯನ್ನು ಬಿಸಿ ಬದಿಗೂ ತಣ್ಣನೆ ಬದಿಗೂ ಸರಿಸುವ ಡಿಸ್‌ಪ್ಲೇಸರಿನ ಕಡ್ಡಿಯನ್ನೂ ಉದ್ದ ಮಾಡಿದೆವು. ಬೇರಿಂಗಿನ ಗ್ರೀಸು ತೊಳೆದೆವು. ಮೂರು ಗಂಟೆಯ ಕೆಲಸ. ಹೊಸ ಬಿಸಿನೀರು ಬಗ್ಗಿಸಿ ಫ್ಲೈವೀಲಿಗೆ ಬೆರಳು ತಾಗಿಸಿದರು. ನೀರು ಕುಡಿಯುವಷ್ಟು ಆರಿದ ಮೇಲೂ ಅದು ತಿರುಗುತ್ತಲೇ ಇತ್ತು.