ಯೋಧನ ಮುಖ ಮತ್ತು ಮಾಸ್ತಿಯ ಬಳೆ

ಪಾಶ್ಚಾತ್ಯ ದೇಶಗಳಲ್ಲಿ ಯುದ್ಧಕಾಲದ ಹೆಂಗಸರು ಧರಿಸುತ್ತಿದ್ದ, ಯೋಧರ ಭಾವಚಿತ್ರವುಳ್ಳ ಒಡವೆಗಳನ್ನು ಭಾವುಕತೆಯ ಅಗ್ಗದ ಸರಕೆಂದು ತಳ್ಳಿಹಾಕುವುದು ಸುಲಭ. ಕಲಾದೃಷ್ಟಿಯಿಂದ ಅವುಗಳಲ್ಲಿ ಬಹುಪಾಲು ಸಾಧಾರಣವಾದುವೇ ಸರಿ. ಆದರೆ ಇತಿಹಾಸದ ಅಭ್ಯಾಸಿಗಳು ಅವನ್ನು ಅಷ್ಟಕ್ಕೇ ಬಿಡುವುದು ಯುಕ್ತವಲ್ಲ.

ತೆಳುವಾದ ಕಬ್ಬಿಣದ ತಗಡಿನ ಮೇಲೆ ಛಾಯಾಚಿತ್ರ ಮೂಡಿಸುವ ವಿಧಾನಕ್ಕೆ ಅಮೆರಿಕದಲ್ಲಿ 1856 ರಲ್ಲಿ ಪೇಟೆಂಟು ದೊರೆಯಿತು. 1861–65 ರ ಅಂತರ್ಯುದ್ಧದ ವೇಳೆಗೆ ಸಾಮಾನ್ಯ ಸಿಪಾಯಿಯೂ ತನ್ನ ಮುಖವನ್ನು ಮನೆಯವರಿಗೆ ಬಿಟ್ಟು ಹೋಗಬಲ್ಲವನಾದನು. ಆ ಚಿತ್ರವನ್ನು ಪದಕದಲ್ಲಿ ಕೂಡಿಸಿ, ಕೆಲವೊಮ್ಮೆ ಅವನ ಕೂದಲೆಳೆಯನ್ನೂ ಜೊತೆಗಿಟ್ಟು, ತಾಯಿಯೋ ಹೆಂಡತಿಯೋ ಧರಿಸುತ್ತಿದ್ದಳು. ಮೊದಲನೆಯ ಮಹಾಯುದ್ಧದಲ್ಲಿ ದಳದ ಲಾಂಛನದ ಪಿನ್ನುಗಳೂ ಸೆಲ್ಯುಲಾಯ್ಡಿನ ಚಿತ್ರಗುಂಡಿಗಳೂ ಹಬ್ಬಿದವು. ಇಂದು ಇವು ಸಂಗ್ರಾಹಕರ ಪಾಲಾಗಿವೆ. ಮುಖ ಸ್ಪಷ್ಟವಾಗಿರುವ ಎಷ್ಟೋ ಪದಕಗಳಲ್ಲಿ ಅದು ಯಾರದೆಂಬುದೇ ತಿಳಿಯದು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಪಾಠ ಹೇಳುವ ನಮಗೆ ಇದಕ್ಕೆ ತೀರ ವಿರುದ್ಧವಾದ ಸಾಮಗ್ರಿ ಕಣ್ಣೆದುರಿಗೇ ಇದೆ. ಹಾವೇರಿಯ ಸಿದ್ಧೇಶ್ವರ ಗುಡಿಯ ಅಂಗಳದಲ್ಲಿ ನಿಂತ ವೀರಗಲ್ಲುಗಳನ್ನು ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ದೃಶ್ಯ, ಮೇಲೆ ಲಿಂಗಸನ್ನಿಧಿ: ಇದು ಸಾಮಾನ್ಯ ಕ್ರಮ. ವೀರನ ಮುಖ ಮಾತ್ರ ಎಲ್ಲ ಕಲ್ಲುಗಳಲ್ಲೂ ಹೆಚ್ಚುಕಡಿಮೆ ಒಂದೇ. ಶಾಸನವಿದ್ದರೆ ಹೆಸರುಂಟು, ಕೃತ್ಯವುಂಟು, ರೂಪವಿಲ್ಲ. 1196 ರಲ್ಲಿ ಹೊಯ್ಸಳ ಬಲ್ಲಾಳನು ಹಾನಗಲ್ಲನ್ನು ಮುತ್ತಿದಾಗ ಮಡಿದ ಕದಂಬರ ದಂಡನಾಯಕ ಸೋಹಣಿಯ ಹೆಸರನ್ನು ನಾವು ಬಲ್ಲೆವು. ಅವನ ಮುಖವನ್ನು ಬಲ್ಲವರಾರೂ ಇಲ್ಲ.

ಹಾಗಾದರೆ ಒಡವೆಯ ಮಾತು? ಅದಕ್ಕೆ ಮಾಸ್ತಿಕಲ್ಲಿನ ಬಳಿಗೆ ಹೋಗಬೇಕು. ಕಂಬದಿಂದ ಹೊರಚಾಚಿ ಮೇಲೆತ್ತಿದ ಬಲಗೈ, ಬೆರಳುಗಳ ನಡುವೆ ನಿಂಬೆಹಣ್ಣು, ಮುಂಗೈಯಲ್ಲಿ ಬಳೆಗಳು. ಶಿಲ್ಪಿ ಆ ಬಳೆಗಳನ್ನು ಬಿಡದೆ ಕಡೆದಿರುವುದು ಅಲಂಕಾರಕ್ಕಲ್ಲ. ಅವು ಒಡೆಯದೆ ಉಳಿದಿವೆ, ಏಕೆಂದರೆ ತೊಟ್ಟವಳು ಉಳಿಯಲಿಲ್ಲ. ಈ ಕಲ್ಲುಗಳ ಸೊಬಗನ್ನು ಹೊಗಳುವಾಗ ನಮ್ಮ ವಿದ್ವಾಂಸರು ಈ ಮಾತನ್ನು ಸ್ವಲ್ಪ ಮೆಲ್ಲಗೆ ಹೇಳುತ್ತಾರೆಂದು ನಮಗೆ ತೋರುತ್ತದೆ.

ಪಾಶ್ಚಾತ್ಯರ ಪದಕವು ಬದುಕಿರುವ ಹೆಂಗಸಿಗಾಗಿ ಮಾಡಿದ್ದು. ಗಂಡ ಸತ್ತ ಮೇಲೂ ಅವಳು ಅದನ್ನು ಕೊರಳಲ್ಲಿಟ್ಟುಕೊಂಡು ನಾಲ್ಕು ಜನರ ನಡುವೆ ಓಡಾಡಬಹುದಿತ್ತು. ನಮ್ಮಲ್ಲಿ ಅಂಥ ಒಡವೆ ಏಕೆ ರೂಢಿಗೆ ಬರಲಿಲ್ಲ? ಅಕ್ಕಸಾಲಿಗರ ಕೈಚಳಕಕ್ಕೆ ಕೊರತೆಯಿರಲಿಲ್ಲ, ಛಾಯಾಚಿತ್ರವೂ ಬಂದಿತ್ತು. ಆದರೆ ಅನೇಕ ಸಮುದಾಯಗಳಲ್ಲಿ ತಾಳಿ, ಬಳೆ, ಕಾಲುಂಗುರಗಳು ಗಂಡ ಬದುಕಿರುವುದರ ಗುರುತು. ಅವನು ಸತ್ತಂದೇ ಅವು ಹೋಗತಕ್ಕವು. ಉಡಿಕೆಯ ಪದ್ಧತಿಯುಳ್ಳವರಲ್ಲಿ ವಿಧವೆ ಮತ್ತೆ ತಾಳಿ ಧರಿಸಬಹುದಾಗಿತ್ತು, ನಿಜ. ಅದು ಹೊಸ ಗಂಡನದು. ಸತ್ತವನನ್ನು ನೆನೆಯಲೆಂದು ತೊಡುವ ಒಡವೆಗೆ ಈ ವ್ಯವಸ್ಥೆಯಲ್ಲಿ ಎಡೆಯೇ ಇರಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಭಾರತೀಯರು ಕಡಲಾಚೆ ಹೋದರು. ಸುಮಾರು 74,000 ಮಂದಿ ಮಡಿದರು. ಮಡಿದವರ ಮನೆಗಳಿಗೆಂದು ಬ್ರಿಟಿಷ್ ಸರಕಾರ ಕಂಚಿನ ಬಿಲ್ಲೆಯೊಂದನ್ನು ಮಾಡಿಸಿತು. ಅದರ ಮೇಲೆ ಬ್ರಿಟಾನಿಯಾ ದೇವಿ, ಸಿಂಹ, ಸತ್ತವನ ಹೆಸರು, ಹುದ್ದೆಯ ಉಲ್ಲೇಖವಿಲ್ಲ. ವೀರಗಲ್ಲಿನಂತೆ ಇಲ್ಲಿಯೂ ಹೆಸರುಂಟು, ಮುಖವಿಲ್ಲ. ಸುಮಾರು 12 ಸೆಂಟಿಮೀಟರ್ ಅಗಲದ ಆ ಬಿಲ್ಲೆ ಕೊರಳಿಗೆ ಹಾಕುವಂಥದಲ್ಲ, ಪೆಟ್ಟಿಗೆಯಲ್ಲಿಡತಕ್ಕದ್ದು.

ಈ ಮೂರು ತಾಲ್ಲೂಕುಗಳ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ, ಸೈನ್ಯದಲ್ಲಿದ್ದ ಹಿರಿಯರ ಚಿತ್ರ ಮನೆಯ ಗೋಡೆಯ ಮೇಲಿದ್ದರೆ, ಅಜ್ಜಿ ಬದುಕಿರುವಾಗಲೇ ಕೇಳಿ, ಅದರ ಬೆನ್ನಿನ ಮೇಲೆ ಹೆಸರನ್ನೂ ಊರನ್ನೂ ಪೆನ್ಸಿಲಿನಲ್ಲಿ ಬರೆದಿಡಬೇಕಾಗಿ ಕೋರುತ್ತೇವೆ.