ಕಾಗದಕ್ಕೆ ಕೊಟ್ಟ ಸಲುಗೆ

ಪೇಪರಿನಲ್ಲಿ ಬಂದರೆ ಸುದ್ದಿ, ಮೊಬೈಲಿನಲ್ಲಿ ಬಂದರೆ ಗಾಳಿಮಾತು. ನಮ್ಮ ಕರಾವಳಿಯ ಉಚ್ಚಿಲದ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಪುಟ ಮಗುಚುವ ಹಿರಿಯರು ಹೀಗನ್ನುವುದು ಸಹಜವೇ. ಪೇಪರು ಮುಟ್ಟದ ಹುಡುಗರೂ ವಾದಕ್ಕೆ ಬಿದ್ದರೆ ‘ಪೇಪರಲ್ಲೇ ಬಂದಿದೆ ಮಾರಾಯ’ ಎಂದೇ ಎದುರಿನವನ ಬಾಯಿ ಮುಚ್ಚಿಸುತ್ತಾರೆ. ಈ ನಂಬಿಕೆಗೆ ಅಷ್ಟು ಆಧಾರವಿಲ್ಲ.

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಏಳು ಮಂದಿ ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಸಂಪರ್ಕ ಕಡಿದುಕೊಂಡಿತು. ಮಾಲ್ವಣದಾಚೆ ಕಡಲಡಿಯಲ್ಲಿ ಅದರ ಅವಶೇಷ ಕಂಡದ್ದು ಮರುವರ್ಷದ ಮೇ ತಿಂಗಳಲ್ಲಿ. ನಡುವಿನ ಅಷ್ಟೂ ಕಾಲ ಅಪಹರಣದ ಊಹೆ ವಾಟ್ಸಾಪಿನಲ್ಲಿ ಓಡಾಡಿತು, ಪತ್ರಿಕೆಗಳಲ್ಲೂ ಅಚ್ಚಾಯಿತು. ಕಾದು ಕುಳಿತ ಮನೆಯವರಿಗೆ ಎರಡೂ ಒಂದೇ.

ಹಾಗಾದರೆ ಪತ್ರಿಕೆಗೆ ಹೆಚ್ಚುಗಾರಿಕೆ ಏನೂ ಇಲ್ಲವೇ? ಇದೆ, ಆದರೆ ಅದು ಯಾರೂ ಓದದ ಜಾಗದಲ್ಲಿದೆ. ಪುಟದ ಬುಡದಲ್ಲಿ ಇರುವೆಸಾಲಿನಂತೆ ಕೂತ ಮುದ್ರಕರ, ಪ್ರಕಾಶಕರ, ಸಂಪಾದಕರ ಹೆಸರು, ಅಚ್ಚಾದ ಊರು. 1867ರ ಕಾಯ್ದೆಯ ಕಾಲದಿಂದ ಬಂದ ಕಟ್ಟುಪಾಡದು. ಬರೆದದ್ದು ತಪ್ಪಾದರೆ ಯಾರ ಮೇಲೆ ದಾವೆ ಹೂಡಬೇಕು ಎಂದು ಅದು ಹೇಳುತ್ತದೆ. ನಂಬಿಕೆ ಬಂದದ್ದು ಅಲ್ಲಿಂದ, ಕಾಗದದಿಂದಲ್ಲ. ಹೆಸರು, ವಿಳಾಸ, ತಾರೀಕು ಹಾಕಿ ಬರೆಯುವ ಬ್ಲಾಗಿಗೂ ಅದೇ ಮರ್ಯಾದೆ ಸಲ್ಲಬೇಕು. ಮಂಗಳೂರಿನ ಅತ್ರಿ ಬುಕ್ ಸೆಂಟರನ್ನು 2012ರಲ್ಲಿ ಮುಚ್ಚಿದ ಜಿ.ಎನ್. ಅಶೋಕವರ್ಧನರು ಜಾಲತಾಣದಲ್ಲಿ ಈ ಕರಾವಳಿಯ ಹೊಳೆ, ಗುಡ್ಡ, ರಸ್ತೆಗಳ ಬಗ್ಗೆ ಬರೆಯುವಷ್ಟು ವಿವರವಾಗಿ ಬರೆಯಲು ಯಾವ ದಿನಪತ್ರಿಕೆಯಲ್ಲಿ ಜಾಗವಿದೆ?

ಜಾಗದ ಮಾತು ಸಣ್ಣದಲ್ಲ. ಉಚ್ಚಿಲದಿಂದ ಕೂಗಳತೆಯಲ್ಲಿ ಎಲ್ಲೂರಿನ 1200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರ. ಪರಿಸರಕ್ಕಾದ ಹಾನಿಗಾಗಿ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ 2022ರಲ್ಲಿ ಅದಕ್ಕೆ 52 ಕೋಟಿ ರೂಪಾಯಿಯ ದಂಡ ವಿಧಿಸಿತು. ಪತ್ರಿಕೆಯಲ್ಲಿ ಮೊತ್ತ ದಪ್ಪಕ್ಷರದಲ್ಲಿ ಬರಬಹುದು. ಲೆಕ್ಕ ಹಾಕಿದ್ದು ಹೇಗೆ, ಹಾನಿಯನ್ನು ಅಂದಾಜಿಸಿದ ಸಮಿತಿ ಕಂಡದ್ದೇನು ಎಂಬುದಕ್ಕೆ ಎರಡು ಕಾಲಂ ಸಾಲದು. ಜಾಲದಲ್ಲಿ ಬರೆಯುವವನು ಆದೇಶವನ್ನೇ ಪಕ್ಕದಲ್ಲಿ ಲಗತ್ತಿಸಬಹುದು. ಓದುಗ ತಾನೇ ತೆರೆದು ನೋಡಬಹುದು. ಮೂಲವನ್ನು ತೋರಿಸದ ಬ್ಲಾಗಿಗೆ ನನ್ನಲ್ಲಿ ಕ್ಷಮೆಯಿಲ್ಲ. ನಿನ್ನೆ ಬರೆದದ್ದನ್ನು ಇವತ್ತು ಸದ್ದಿಲ್ಲದೆ ಅಳಿಸುವ ಬ್ಲಾಗಿಗಂತೂ ಇನ್ನೂ ಇಲ್ಲ. ಪತ್ರಿಕೆಯ ತಪ್ಪು ಕೊನೇಪಕ್ಷ ಗ್ರಂಥಾಲಯದ ಕಟ್ಟಿನಲ್ಲಿ ಉಳಿಯುತ್ತದೆ.

ಪತ್ರಿಕೆ ಮಾತ್ರ ಮಾಡಬಲ್ಲ ಕೆಲಸ ಬೇರೆಯೇ ಇದೆ: ಸಂಬಳ ಕೊಟ್ಟು ಜನರನ್ನು ಕಳಿಸುವುದು. 1970ರಲ್ಲಿ ಮಣಿಪಾಲದಲ್ಲಿ ಹುಟ್ಟಿದ ಉದಯವಾಣಿ ‘ಕುಗ್ರಾಮ ಗುರುತಿಸಿ’ ಮಾಲಿಕೆಗೆ ಈಶ್ವರ ದೈತೋಟರಂಥವರನ್ನು ದಾರಿಯಿಲ್ಲದ ಊರುಗಳಿಗೆ ಅಟ್ಟಿತ್ತು. ಕೆಲಸಕ್ಕೆ ಹೋಗಿ ಬಂದು ರಾತ್ರಿ ಬರೆಯುವ ಬ್ಲಾಗಿಗನಿಂದ ಆಗುವ ಮಾತಲ್ಲ ಅದು. ಇವತ್ತು ಕರಾವಳಿಯ ಎಷ್ಟೋ ಬಿಡಿ ವರದಿಗಾರರು ಸಂಘಸಂಸ್ಥೆಗಳ ಪ್ರಕಟಣೆಯನ್ನು ಹೆಸರು ತಪ್ಪದಂತೆ ಟೈಪಿಸುತ್ತಾರೆ, ಹಬ್ಬದ ಪುರವಣಿಗೆ ಅಂಗಡಿ ಅಂಗಡಿ ಹತ್ತಿ ಜಾಹೀರಾತು ಕೇಳುತ್ತಾರೆ. ಅವರನ್ನು ದೂರುವುದು ಅನ್ಯಾಯ. ಎಲ್ಲೂರಿಗೆ ಹೋಗಿ ಬಾವಿಯ ನೀರು ನೋಡಿ ಬಾ ಎಂದು ಅವರಿಗೆ ಹೇಳಬೇಕಾದವರು ಬ್ಲಾಗಿಗರನ್ನು ಬೈಯುತ್ತಾ ಕೂತಿದ್ದಾರೆ.