ಷೆಡ್ಯೂಲಿನ ಐದು ಸಾಲುಗಳು

ಜಾಗದ ದಾವೆಯಲ್ಲಿ ವಾದಪತ್ರದ ಕೊನೆಗೆ ಆಸ್ತಿಯ ಷೆಡ್ಯೂಲು ಇರುತ್ತದೆ. ಸ್ಥಿರಾಸ್ತಿಯನ್ನು ಗುರುತು ಹಿಡಿಯುವಂತೆ ವಿವರಿಸಬೇಕೆನ್ನುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ನಿಯಮ. ಕುಂದಾಪುರದ ಕಡೆ ವಾಡಿಕೆಯಲ್ಲಿರುವ ಸಾಲುಗಳನ್ನು ಒಂದೊಂದಾಗಿ ನೋಡೋಣ.

"ಉಡುಪಿ ಜಿಲ್ಲೆ, ಬೈಂದೂರು ತಾಲೂಕು"
ಹಳೆಯ ಪತ್ರಗಳಲ್ಲಿ ಇದೇ ಜಾಗ ದಕ್ಷಿಣ ಕನ್ನಡ ಜಿಲ್ಲೆಯ ಕುಂದಾಪುರ ತಾಲೂಕಿನದು. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಬೈಂದೂರು, ಬ್ರಹ್ಮಾವರ ತಾಲೂಕುಗಳಾದದ್ದು ಇನ್ನೂ ಈಚೆಗೆ. ಅಜ್ಜನ ಕಾಲದ ಪತ್ರ, ಇಂದಿನ ಪಹಣಿ ಎರಡೂ ಒಂದೇ ಜಾಗದವೆಂದು ಮೊದಲೇ ಜೋಡಿಸಿ ತೋರಿಸಬೇಕು.

"ಸರ್ವೆ ನಂಬ್ರ, ವರ್ಗ ಹಕ್ಕು"
ವರ್ಗ, ಅಂದರೆ ಸ್ವಂತ ಪಟ್ಟಾ ಜಾಗಕ್ಕೆ ತಾಗಿದ ಕುಮ್ಕಿಯನ್ನೂ ಸ್ವಂತದ್ದೆಂದು ಬರೆದರೆ ದಾವೆ ಅಲ್ಲೇ ಎಡವುತ್ತದೆ. 1964ರ ಭೂಕಂದಾಯ ಕಾಯ್ದೆ ಉಳಿಸಿಕೊಟ್ಟದ್ದು ಕುಮ್ಕಿಯನ್ನು ಬಳಸುವ ಸವಲತ್ತನ್ನು, ಜಾಗ ಸರ್ಕಾರದ್ದೇ. ವರ್ಗ ಜಾಗದಲ್ಲಿ ಗೇಣಿಯ ಪ್ರಶ್ನೆ ಎದ್ದರೆ ಅದನ್ನು ತೀರ್ಮಾನಿಸುವುದು ಸಿವಿಲ್ ಕೋರ್ಟಲ್ಲ, ಭೂನ್ಯಾಯ ಮಂಡಳಿ.

"ವಿಸ್ತೀರ್ಣ 42 ಸೆಂಟ್ಸ್"
ನೂರು ಸೆಂಟ್ಸಿಗೆ ಒಂದು ಎಕ್ರೆ. ಪಹಣಿ, ಕ್ರಯಪತ್ರ, ಪಾಲುಪಟ್ಟಿ ಮೂರರಲ್ಲೂ ಅಂಕಿ ತಾಳೆಯಾಗಬೇಕು.

"ಚಕ್ಕುಬಂದಿ: ಪೂರ್ವಕ್ಕೆ ದರೆ, ಪಶ್ಚಿಮಕ್ಕೆ ತೋಡು"
ದಾವೆಯ ಜೀವ ಇಲ್ಲಿದೆ. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ಹೊಂದದಿದ್ದರೆ ಕೋರ್ಟು ಸಾಮಾನ್ಯವಾಗಿ ಚಕ್ಕುಬಂದಿಯನ್ನೇ ನಂಬುತ್ತದೆ. ನುರಿತ ವಕೀಲರು ಜಾಗದಲ್ಲಿ ನಡೆದು ನೋಡಿರುತ್ತಾರೆ: ಮಳೆಗೆ ತೋಡು ದಿಕ್ಕು ಬದಲಿಸಿದೆಯೇ, ಅಗಳು ಮುಚ್ಚಿದೆಯೇ, ಬೇಲಿ ಹೊಸತೇ. ಪಾಟೀಸವಾಲಿನಲ್ಲಿ ಸಾಕ್ಷಿ ಉತ್ತರಿಸಲಾಗದೆ ನಿಲ್ಲುವುದು ಇಂಥ ಪ್ರಶ್ನೆಗಳಿಗೇ. ಕೋರ್ಟು ಕಮಿಷನರ್ ಅಳತೆಗೆ ಬಂದಾಗ ಏನನ್ನು ಗುರುತಿಸಬೇಕೆಂದು ಕೇಳಿಕೊಳ್ಳುವುದಕ್ಕೂ ಈ ನೋಟವೇ ಆಧಾರ.

"ಮಾಮೂಲು ದಾರಿ, ನೀರಿನ ಹಕ್ಕು ಸಹಿತ"
ಈ ಪದಗಳಷ್ಟರಿಂದಲೇ ಹಕ್ಕು ಸಾಬೀತಾಗದು. ಬಳಕೆಯಿಂದ ಬಂದ ದಾರಿಯ ಹಕ್ಕಿಗೆ 1882ರ ಈಸ್‌ಮೆಂಟ್ ಕಾಯ್ದೆ 20 ವರ್ಷಗಳ ಬಹಿರಂಗ, ಅಡ್ಡಿಯಿಲ್ಲದ, ಹಕ್ಕಿನಿಂದಲೇ ಮಾಡಿದ ಬಳಕೆಯನ್ನು ಕೇಳುತ್ತದೆ. ಆ ಅವಧಿ ದಾವೆಗೆ ಹಿಂದಿನ ಎರಡು ವರ್ಷಗಳೊಳಗೆ ಮುಗಿದಿರಬೇಕು. ನೆರೆಯವರ ಒಪ್ಪಿಗೆಯಿಂದ ನಡೆದದ್ದಾದರೆ ಅದು ಹಕ್ಕಾಗುವುದಿಲ್ಲ. ಕಾಲುದಾರಿಯೋ ಗಾಡಿದಾರಿಯೋ, ಯಾರು ಯಾವಾಗಿನಿಂದ ನಡೆದರು ಎಂಬುದನ್ನು ಸಾಕ್ಷಿಗಳೇ ಹೇಳಬೇಕು.

ತಪ್ಪನ್ನು ಆಮೇಲೆ ತಿದ್ದಬಹುದಲ್ಲ ಎನ್ನುವವರಿದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 2002ರ ತಿದ್ದುಪಡಿಯ ನಂತರ, ವಿಚಾರಣೆ ಶುರುವಾದ ಮೇಲೆ ವಾದಪತ್ರ ತಿದ್ದಬೇಕಾದರೆ, ಎಚ್ಚರ ವಹಿಸಿದ್ದರೂ ಆ ವಿಷಯವನ್ನು ಮೊದಲೇ ಎತ್ತಲಾಗಲಿಲ್ಲವೆಂದು ಕೋರ್ಟಿಗೆ ಮನವರಿಕೆ ಮಾಡಬೇಕು. ಷೆಡ್ಯೂಲು ತಪ್ಪಿದ್ದರೆ ಡಿಕ್ರಿ ಕೈಗೆ ಬಂದರೂ ಜಾರಿಗೆ ತೊಡಕು. ಹಾಗಾಗಿ ವಾದಪತ್ರಕ್ಕೆ ಸಹಿ ಹಾಕುವ ಮೊದಲು ನಿಮ್ಮ ವಕೀಲರನ್ನು ಜಾಗಕ್ಕೆ ಕರೆದೊಯ್ಯಿರಿ. ಕರೆಯುವ ಮುಂಚೆ ತಾವೇ ಬರುತ್ತೇನೆನ್ನುವವರು ಸಿಕ್ಕರೆ ಅವರಿಗೇ ದಾವೆ ವಹಿಸಿ.